ಏಳು ತಂತಿಯ ಚೌಡಯ್ಯನವರು

ಕೊಳ್ಳೇಗಾಲದಿಂದ ಮೈಸೂರಿಗೆ ಹೋಗುವ ಬಸ್ಸು ತಿರುಮಕೂಡಲು ನರಸೀಪುರವನ್ನು ಹಾದುಹೋಗುತ್ತದೆ. ಕಪಿಲೆಯು ಕಾವೇರಿಯನ್ನು ಕೂಡುವ ಪುಣ್ಯಸ್ಥಳವದು. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಹಿರಿಯರು ಅದನ್ನು ತ್ರಿವೇಣಿ ಎಂದು ಕರೆದರು. ಕಿಟಕಿಯ ಪಕ್ಕದ ಸೀಟಿಗಾಗಿ ಜಗಳವಾಡುವ ನಮ್ಮ ಸಹಪಾಠಿಗಳಲ್ಲಿ ಎಷ್ಟು ಮಂದಿ ಆ ಸಂಗಮದ ಕಡೆ ತಿರುಗಿ ನೋಡುವರೋ ತಿಳಿಯದು. ಪಿಟೀಲು ವಿದ್ವಾಂಸರಾದ ಟಿ. ಚೌಡಯ್ಯನವರು 1895ರಲ್ಲಿ ಜನಿಸಿದ್ದು ಅಲ್ಲಿಯೇ. ಅವರ ಹೆಸರಿನ ಮೊದಲಕ್ಷರವು ತಿರುಮಕೂಡಲನ್ನೇ ಸೂಚಿಸುತ್ತದೆ.

ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು; ಒಕ್ಕಲಿಗ ಮನೆತನ. ಅಂದು ನಮ್ಮ ಸೀಮೆ ಇಂದಿನಂತೆ ಒಂದಾಗಿರಲಿಲ್ಲ. ಇಂದಿನ ಹನೂರು ತಾಲ್ಲೂಕೂ ಸೇರಿದ್ದ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ವಂಶದವರ ಜಹಗೀರಾಗಿತ್ತು. ಮೈಸೂರಿನ ಹಳ್ಳಿಯಲ್ಲಿ ಹುಟ್ಟಿ ಮದರಾಸಿನ ಕಡೆ ಹೆಸರು ಪಡೆಯುವುದೆಂದರೆ ಒಂದು ಸರ್ಕಾರದ ಗಡಿಯನ್ನೇ ದಾಟಿದಂತೆ. ಸಂಗೀತದ ಗಡಿಯಂತೂ ಅದಕ್ಕಿಂತ ಬಿಗಿಯಾಗಿತ್ತು. ತಂಜಾವೂರು, ಕುಂಭಕೋಣಗಳ ಪರಂಪರೆಯಲ್ಲಿ ಬೆಳೆದ ರಸಿಕರು ಹೊರಗಿನವನನ್ನು ಅಳೆದು ತೂಗಿಯೇ ಒಳಗೆ ಬಿಡುತ್ತಿದ್ದರು.

ಚೌಡಯ್ಯನವರನ್ನು ತಿದ್ದಿ ತೀಡಿದವರು ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಬಿಡಾರಂ ಕೃಷ್ಣಪ್ಪನವರು. ದಾಸರ ಪದಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿದ ಮಹನೀಯರು. ಮೈಸೂರಿನಲ್ಲಿ ರಾಮಮಂದಿರವನ್ನು ಕಟ್ಟಿಸಿದವರು. ಅವರ ಬಳಿ ಚೌಡಯ್ಯನವರು 1910ರಿಂದ 1918ರವರೆಗೆ ಕಠಿಣ ಶಿಕ್ಷಣವನ್ನು ಪಡೆದರು. ಎಂಟು ವರ್ಷ! ಮೂರು ವರ್ಷದ ಪದವಿಯೇ ನಮಗೆ ದೀರ್ಘವೆನಿಸುತ್ತದೆ. ಗುರುಗಳು ಗಾಯಕರು, ಶಿಷ್ಯನ ಕೈಯಲ್ಲಿದ್ದುದು ಪಿಟೀಲು. ಹೀಗಾಗಿ ಅವರ ವಾದನವು ಮೊದಲಿನಿಂದಲೂ ಕಂಠವನ್ನು ಹಿಂಬಾಲಿಸಿಯೇ ಬೆಳೆಯಿತು.

ಪಿಟೀಲು ನಮ್ಮ ದೇಶದ್ದಲ್ಲ. ಯೂರೋಪಿನಿಂದ ಬಂದ ಆ ವಾದ್ಯವನ್ನು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಅಲ್ಲಿಯವರು ನಿಂತು ಗಲ್ಲಕ್ಕೊತ್ತಿ ನುಡಿಸುವುದನ್ನು ನಮ್ಮವರು ನೆಲದ ಮೇಲೆ ಕುಳಿತು, ಅದರ ತಲೆಯನ್ನು ಕಾಲಿನ ಮೇಲಿರಿಸಿ, ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿಕೊಂಡು ನುಡಿಸಿದರು. ಆದರೆ ತಂತಿಗಳು ನಾಲ್ಕೇ ಉಳಿದವು.

ಆ ನಾಲ್ಕು ತಂತಿಯ ನಾದವು ಎಲ್ಲಿಯವರೆಗೆ ತಲುಪೀತು? ಧ್ವನಿವರ್ಧಕವಿಲ್ಲದ ಕಾಲವದು. ದೊಡ್ಡ ಸಭೆಯಲ್ಲಿ, ಮದುವೆಯ ಚಪ್ಪರದಲ್ಲಿ ಹಿಂದೆ ಕುಳಿತವರಿಗೆ ಗಾಯಕರ ಕಂಠವೂ ಮೃದಂಗವೂ ಕೇಳಿಸಿದರೆ, ನಡುವಣ ಪಿಟೀಲು ಮಸುಕಾಗಿಬಿಡುತ್ತಿತ್ತು. ಮಲೆ ಮಾದಪ್ಪನ ಕಂಸಾಳೆಯವರು ಹನೂರಿನ ಕಡೆಯ ಹಳ್ಳಿಗಳಲ್ಲಿ ಬೆಳಗಾಗುವವರೆಗೆ ಹಾಡುವುದನ್ನು ಕೇಳಿದವರಿಗೆ, ಬಯಲಿನಲ್ಲಿ ನಾದವನ್ನು ಕೊನೆಯವನಿಗೂ ಮುಟ್ಟಿಸುವ ಕಷ್ಟವನ್ನು ವಿವರಿಸಬೇಕಾಗಿಲ್ಲ. ಅವರಿಗೆ ಕಂಚಿನ ತಾಳದ ಬಲವಾದರೂ ಉಂಟು. ಪಿಟೀಲುಗಾರನಿಗೆ ಏನುಂಟು?

ಚೌಡಯ್ಯನವರು ಇದಕ್ಕೆ ಕಂಡುಕೊಂಡ ಉಪಾಯವೇ ಏಳು ತಂತಿಯ ಪಿಟೀಲು. ಇದ್ದ ನಾಲ್ಕರ ಜೊತೆಗೆ ಮೂರು ತಂತಿಗಳನ್ನು ಸೇರಿಸಿ, ಅವನ್ನು ಮೇಲಿನ ಸ್ಥಾಯಿಗೆ ಶ್ರುತಿ ಮಾಡಿದರು. ಒಂದೇ ಬೆರಳು ಜೋಡಿ ತಂತಿಗಳನ್ನು ಒತ್ತುತ್ತದೆ. ಒಂದೇ ಕಮಾನು ಎರಡನ್ನೂ ಎಳೆಯುತ್ತದೆ. ಒಂದೇ ಸ್ವರವು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಹೊರಡುತ್ತದೆ. ಹೇಳುವುದಕ್ಕೆ ಇಷ್ಟೆ. ಮಾಡುವುದಕ್ಕೆ? ಹೆಚ್ಚಿನ ಬಿರಡೆಗಳಿಗೆ ಸ್ಥಳ ಬೇಕು. ಕುದುರೆಯ ಮೇಲೂ ಅದರ ಕೆಳಗಿನ ಹಲಗೆಯ ಮೇಲೂ ಒತ್ತಡ ಏರುತ್ತದೆ. ಜೋಡಿಯಲ್ಲಿ ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಅಪಸ್ವರವು ಎಲ್ಲರ ಕಿವಿಗೂ ಬೀಳುತ್ತದೆ. ನಾದ ದೊಡ್ಡದಾದಂತೆ ತಪ್ಪೂ ದೊಡ್ಡದಾಗುವುದು. ಕಮಾನಿನ ಮೇಲೆ ಅಸಾಧಾರಣ ಹಿಡಿತವಿದ್ದವರು ಮಾತ್ರ ಕೈಹಾಕಬಹುದಾದ ಕೆಲಸವಿದು. ಚೌಡಯ್ಯನವರ ಉದ್ದ ಕಮಾನಿನ ಗಂಭೀರ ನಾದವು ಪ್ರಸಿದ್ಧವೇ ಆಗಿತ್ತು. ಪರಂಪರೆಯ ವಾದ್ಯವನ್ನು ತಿದ್ದಿದ್ದನ್ನು ಒಪ್ಪದವರೂ ಇದ್ದರು. ಅವರ ಆಕ್ಷೇಪಣೆಗೆ ಅವರು ಕಚೇರಿಯಲ್ಲೇ ಉತ್ತರವಿತ್ತರು.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಅಮೆರಿಕೆಯ ಗಿಟಾರ್ ವಾದಕರಿಗೂ ಇದೇ ಸಂಕಟವಿತ್ತು. ತುತ್ತೂರಿಗಳ ಮೇಳದಲ್ಲಿ ಗಿಟಾರಿನ ದನಿ ಅಡಗಿಹೋಗುತ್ತಿತ್ತು. ಅವರು ತಂತಿಯ ಬಳಿ ಅಯಸ್ಕಾಂತವನ್ನೂ ತಂತಿಸುರುಳಿಯನ್ನೂ ಇರಿಸಿ, ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿದರು. 1930ರ ದಶಕದ ಆರಂಭದಲ್ಲಿ ರಿಕನ್‌ಬ್ಯಾಕರ್ ಸಂಸ್ಥೆಯ ವಿದ್ಯುತ್ ಗಿಟಾರು ಮಾರಾಟಕ್ಕೆ ಬಂತು. ನಮ್ಮ ಗೆಳೆಯರಲ್ಲಿಯೂ ಆ ವಾದ್ಯದ ಹುಚ್ಚಿನವರಿದ್ದಾರೆ. ಯಾರೋ ತಮ್ಮ ಕೈಗೆ ತಕ್ಕಂತೆ ಹೇಳಿ ಮಾಡಿಸಿಕೊಂಡ ಗಿಟಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಹಿಗ್ಗುತ್ತಾರೆ. ಹಿಗ್ಗಲಿ, ಆದರೆ ಮಾಡಿಸಿದವನ ಬೆರಳಿನ ಅಭ್ಯಾಸವು ವಾದ್ಯದ ಜೊತೆಗೆ ಬರುವುದಿಲ್ಲ. ಚೌಡಯ್ಯನವರ ಪಿಟೀಲಿನ ವಿಷಯವೂ ಹೀಗೆಯೇ. ಏಳು ತಂತಿಯು ಎಲ್ಲರ ವಾದ್ಯವಾಗಿ ಹರಡಲಿಲ್ಲ.

ಅವರ ಕೀರ್ತಿಯು ಪಕ್ಕವಾದ್ಯದ ಕೀರ್ತಿ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಮೊದಲಾದ ಅಗ್ರಗಣ್ಯರಿಗೆಲ್ಲ ಅವರು ನುಡಿಸಿದರು. ಚೆಂಬೈ ವೈದ್ಯನಾಥ ಭಾಗವತರ ಹಾಡಿಕೆ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ, ಈ ಮೂರರ ಕೂಟವಂತೂ ದಕ್ಷಿಣದಲ್ಲೆಲ್ಲ ಮನೆಮಾತಾಯಿತು. ದ್ವಾರಂ ವೆಂಕಟಸ್ವಾಮಿ ನಾಯುಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ಇವರೊಡನೆ ಚೌಡಯ್ಯನವರನ್ನು ಸೇರಿಸಿ ಪಿಟೀಲಿನ ತ್ರಿಮೂರ್ತಿಗಳೆಂದು ಎಣಿಸುವುದು ವಾಡಿಕೆ. ಪಕ್ಕವಾದ್ಯದವನು ಗಾಯಕನನ್ನು ಮೀರಬಾರದೆಂಬುದು ಸಂಪ್ರದಾಯ. ಎಲ್ಲರಿಗಿಂತ ದೊಡ್ಡ ದನಿಯ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಆ ಮರ್ಯಾದೆಯನ್ನು ಕಾಯ್ದುಕೊಳ್ಳುವುದು, ನನ್ನ ಮಟ್ಟಿಗೆ, ತಂತಿ ಸೇರಿಸಿದ್ದಕ್ಕಿಂತಲೂ ದೊಡ್ಡ ಸಾಧನೆ.

ಮೈಸೂರಿನಲ್ಲಿ ಅವರು ಅಯ್ಯನಾರ್ ಸಂಗೀತ ಕಾಲೇಜನ್ನು ನಡೆಸಿದರು. ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಹುಟ್ಟೂರಿನ ಹೆಸರೇ ಅಲ್ಲಿ ಕಿರೀಟವಾಗಿ ಕುಳಿತಿದೆ. 1943ರಲ್ಲಿ ತೆರೆಕಂಡ 'ವಾಣಿ' ಎಂಬ ಕನ್ನಡ ಚಿತ್ರಕ್ಕೂ ಕೈಹಾಕಿದರು. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ಚೆಂಬೈ, ಮಣಿ ಅಯ್ಯರ್ ಅವರೊಡನೆ ಚೌಡಯ್ಯನವರ ಕಚೇರಿಯೂ ಇತ್ತು.

1956ರ ನವೆಂಬರಿನಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರಲ್ಲಿ, ಮದರಾಸಿನ ಸಂಗೀತ ಅಕಾಡೆಮಿಯು ತಿರುಮಕೂಡಲಿನ ಈ ಮಗನಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಅಷ್ಟು ಹೊತ್ತಿಗೆ ಸಭೆಗಳಿಗೆ ಧ್ವನಿವರ್ಧಕ ಬಂದಿತ್ತು. ಹಿಂದಿನ ಸಾಲಿಗೆ ನಾದ ಮುಟ್ಟಿಸಲು ಮೂರು ತಂತಿಗಳ ಅಗತ್ಯವೇನೋ ತೀರಿತ್ತು. ಆದರೆ ಜನರು ಅವರನ್ನು ಗುರುತಿಸುತ್ತಿದ್ದುದು ಆ ಏಳರ ದನಿಯಿಂದಲೇ.

1967ರ ಜನವರಿ 19ರಂದು ಚೌಡಯ್ಯನವರು ತೀರಿಕೊಂಡರು. 1980ರಲ್ಲಿ ಕೆ. ಕೆ. ಮೂರ್ತಿಯವರ ಶ್ರಮದಿಂದ ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕ ಭವನವು ಎದ್ದು ನಿಂತಿತು. ಆ ಕಟ್ಟಡವನ್ನು ಪಿಟೀಲಿನ ಆಕಾರದಲ್ಲಿಯೇ, ತಂತಿ, ಬಿರಡೆ, ಕಮಾನುಗಳ ಸಹಿತ, ಕಟ್ಟಲಾಗಿದೆ.