ಹಿಮವಿಲ್ಲದ ನಾಡಿನಿಂದ ಹೋಗಿ ಹಿಮದ ಶಾಲೆ ತೆರೆದ ಜನರಲ್ ತಿಮ್ಮಯ್ಯ

ಬ್ಯಾಡಗಿಯ ಕಣಗಳಲ್ಲಿ ಮೆಣಸಿನಕಾಯಿ ಒಣಗುವ ಮಾಗಿಯ ದಿನಗಳಲ್ಲಿ ಹಾವೇರಿ, ರಾಣೆಬೆನ್ನೂರು ಸೀಮೆಯ ಜನರಿಗೆ ಚಳಿಯೆಂದರೆ ಒಂದು ಕಂಬಳಿಯ ಮಾತು. ಕನ್ನಡ ನಾಡಿನ ಯಾವ ಮೂಲೆಯಲ್ಲಿಯೂ ಹಿಮ ಬೀಳುವುದಿಲ್ಲ. ಮಳೆಗೆ ಹೆಸರಾದ ಕೊಡಗಿನಲ್ಲಿಯೂ ಮಂಜು ಮುಸುಕುತ್ತದೆಯೇ ಹೊರತು ನೆಲ ಬೆಳ್ಳಗಾಗುವುದಿಲ್ಲ. ಆದರೆ ಭಾರತದ ಸೈನಿಕರು ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಚಲಿಸುವುದನ್ನೂ ಹಿಮದ ನಡುವೆ ಬದುಕುಳಿಯುವುದನ್ನೂ ಕಲಿಯುವ ಶಾಲೆ ಹುಟ್ಟಿಕೊಂಡದ್ದು ಅದೇ ಕೊಡಗಿನ ಸೇನಾನಿಯೊಬ್ಬರ ಕಾಲದಲ್ಲಿ. ಅವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ತಿಮ್ಮಯ್ಯನವರು ಜನಿಸಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕಾಫಿ ತೋಟಗಳ ಸಿರಿವಂತ ಮನೆತನ. ಕೂನೂರು, ಬೆಂಗಳೂರಿನ ಶಾಲೆಗಳಲ್ಲಿ ಓದಿದ ಬಳಿಕ ಡೆಹ್ರಾಡೂನಿನ ಸೈನಿಕ ಕಾಲೇಜು ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ತೆರಳಿ 1926ರಲ್ಲಿ ಸೇನಾಧಿಕಾರಿಯಾದರು. ಹೈದರಾಬಾದ್ ರೆಜಿಮೆಂಟಿನಲ್ಲಿ ಬೆಳೆದರು. 1945ರಲ್ಲಿ ಕುಮಾವೂನ್ ರೆಜಿಮೆಂಟ್ ಎಂದು ಹೆಸರಾದ ಪಡೆ ಇದೇ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಹೋರಾಡಿ, ರಣರಂಗದಲ್ಲಿ ಪದಾತಿ ಬ್ರಿಗೇಡೊಂದನ್ನು ಮುನ್ನಡೆಸಿದ ಮೊದಲ ಭಾರತೀಯನೆನಿಸಿದರು. ಆವರೆಗೆ ಅವರು ಕಂಡದ್ದು ಮರುಭೂಮಿಯ ಬಿಸಿಲು, ಕಾಡಿನ ಕೆಸರು. ಹಿಮದ ಪರೀಕ್ಷೆ ಮುಂದೆ ಕಾದಿತ್ತು.

ಲೇಹ್‌ಗೆ ಹಾರಿದ ಡಕೋಟಾ

1948ರ ಬೇಸಿಗೆಯಲ್ಲಿ ಲಡಾಖ್ ಕೈತಪ್ಪುವ ಅಂಚಿನಲ್ಲಿತ್ತು. ದ್ರಾಸ್, ಕಾರ್ಗಿಲ್ ಶತ್ರುವಶವಾಗುತ್ತಿದ್ದವು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಕಡಿದುಹೋಗುವಂತಿತ್ತು. ಆಗಷ್ಟೇ ಕಾಶ್ಮೀರದ ಡಿವಿಷನ್ನಿನ ಹೊಣೆ ಹೊತ್ತಿದ್ದ ಮೇಜರ್ ಜನರಲ್ ತಿಮ್ಮಯ್ಯ, ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ನಡೆಸಿದ ಡಕೋಟಾ ವಿಮಾನದಲ್ಲಿ ತಾವೂ ಕುಳಿತರು. ಲಡಾಖಿನ ಇಂಜಿನಿಯರ್ ಸೋನಮ್ ನೊರ್ಬು ಸ್ಥಳೀಯರ ನೆರವಿನಿಂದ ಸಮಗೊಳಿಸಿದ್ದ ಮಣ್ಣಿನ ಪಟ್ಟಿಯ ಮೇಲೆ, ಹತ್ತು ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿ ವಿಮಾನ ಇಳಿಯಿತು. ಲೇಹ್‌ನಲ್ಲಿ ಇಳಿದ ಮೊದಲ ವಿಮಾನ ಅದು. ಸೈನಿಕರನ್ನು ಅಲ್ಲಿಗೆ ಇಳಿಸಬಹುದೆಂಬುದು ಖಚಿತವಾಯಿತು.

ಆದರೆ ವಿಮಾನದಿಂದಷ್ಟೇ ಲಡಾಖನ್ನು ಉಳಿಸಿಕೊಳ್ಳಲಾಗದು. ನೆಲದ ದಾರಿ ತೆರೆಯಲೇಬೇಕಿತ್ತು. ಆ ದಾರಿಯ ಬಾಗಿಲು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆ. ಸೆಪ್ಟೆಂಬರಿನಲ್ಲಿ ಪದಾತಿ ಸೈನಿಕರು ನಡೆಸಿದ ದಾಳಿಗಳು ಫಲಿಸಲಿಲ್ಲ. ಎರಡೂ ಬದಿಯ ಬಂಡೆಗಳ ಮರೆಯಿಂದ ಮೆಷಿನ್ ಗನ್‌ಗಳು ಗುಂಡಿನ ಮಳೆಗರೆಯುತ್ತಿದ್ದವು. ಇನ್ನು ಕೆಲವೇ ವಾರಗಳಲ್ಲಿ ಹಿಮ ಬಿದ್ದು ಕಣಿವೆ ಮುಚ್ಚಿಹೋಗುವುದಿತ್ತು. ಆಗ ಲೇಹ್‌ನ ಗತಿಯೇನು?

ತಿಮ್ಮಯ್ಯ ಟ್ಯಾಂಕುಗಳನ್ನು ಮೇಲೇರಿಸಲು ನಿರ್ಧರಿಸಿದರು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕುಗಳಿಂದ ಹೋರಾಡಿರಲಿಲ್ಲ. ಬೆಂಗಳೂರು ಮೂಲನೆಲೆಯ ಮದ್ರಾಸ್ ಸ್ಯಾಪರ್ಸ್ ಪಡೆಯವರು ಬಾಲ್‌ತಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆಯ ಜಾಡನ್ನು ಅಗಲಿಸಿ ಟ್ಯಾಂಕ್ ಹಾಯುವ ದಾರಿ ಮಾಡಿದರು. ಗುಟ್ಟು ಬಯಲಾಗದಂತೆ ಟ್ಯಾಂಕುಗಳ ಗೋಪುರ ಬಿಚ್ಚಿ, ಶ್ರೀನಗರದಲ್ಲಿ ಕರ್ಫ್ಯೂ ವಿಧಿಸಿ ಸಾಗಿಸಲಾಯಿತು. ಹವಾಮಾನ ಕೆಟ್ಟು ದಾಳಿಯ ದಿನ ಮುಂದೆ ಹೋಯಿತು. ಕಡೆಗೆ ನವೆಂಬರ್ 1ರಂದು, ಹಿಮದ ನಡುವೆಯೇ, 7ನೇ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಡಿವಿಷನ್ನಿನ ದಂಡನಾಯಕರೇ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಟ್ಯಾಂಕುಗಳನ್ನು ಕನಸಿನಲ್ಲೂ ನಿರೀಕ್ಷಿಸದಿದ್ದ ಎದುರಾಳಿಗಳು ಕಾಲ್ತೆಗೆದರು. ಅದೇ ತಿಂಗಳೊಳಗೆ ದ್ರಾಸ್, ಕಾರ್ಗಿಲ್ ಮರಳಿ ಕೈಸೇರಿದವು.

ಗುಲ್ಮಾರ್ಗ್‌ನ ಶಾಲೆ

ಗೆಲುವಿನ ಜೊತೆಗೇ ಕಹಿಸತ್ಯವೊಂದು ಕಣ್ಣಿಗೆ ಬಿದ್ದಿತ್ತು. ಗೆದ್ದ ನೆಲವನ್ನು ಇನ್ನು ಪ್ರತಿ ಚಳಿಗಾಲವೂ ಕಾಯಬೇಕು. ಕಾಯುವವರೋ ಬಯಲುಸೀಮೆಯ ಮಕ್ಕಳು. ಹೊಸ ಹಿಮದಲ್ಲಿ ಬೂಟು ಸೊಂಟದವರೆಗೆ ಹೂತುಹೋಗುತ್ತದೆ, ಒಂದು ಮೈಲಿ ನಡೆಯಲು ದಿನವೇ ಬೇಕಾಗುತ್ತದೆ. ಒದ್ದೆಯಾದ ಕಾಲುಚೀಲವನ್ನು ಬದಲಿಸದಿದ್ದರೆ ಬೆರಳುಗಳು ಹೆಪ್ಪುಗಟ್ಟಿ ಕಪ್ಪಾಗುತ್ತವೆ. ಹೊಸ ಹಿಮ ಹೊತ್ತ ಇಳಿಜಾರನ್ನು ತಿಳಿಯದೆ ತುಳಿದರೆ ಇಡೀ ಬೆಟ್ಟವೇ ಜಾರಿ ಮೈಮೇಲೆ ಬರುತ್ತದೆ. ಇವುಗಳ ಮುಂದೆ ಕೆಚ್ಚು ಕೆಲಸಕ್ಕೆ ಬಾರದು, ಕಲಿಕೆಯೇ ಬೇಕು.

1948ರ ಡಿಸೆಂಬರಿನಲ್ಲಿ ಅವರ 19ನೇ ಪದಾತಿ ಡಿವಿಷನ್ನಿನ ಸ್ಕೀ ಶಾಲೆ ಗುಲ್ಮಾರ್ಗ್‌ನಲ್ಲಿ ಆರಂಭವಾಯಿತು. ಸುಮಾರು 8,700 ಅಡಿ ಎತ್ತರದ ಆ ಹುಲ್ಲುಗಾವಲು ಅಲ್ಲಿಯವರೆಗೆ ಬ್ರಿಟಿಷರ ವಿಹಾರತಾಣ. 1927ರಿಂದ ಅವರ ಸ್ಕೀ ಕ್ಲಬ್ ಅಲ್ಲಿತ್ತು. ಮೋಜಿಗೆಂದು ಬಂದವರು ಜಾರಿದ ಇಳಿಜಾರಿನಲ್ಲಿ ಈಗ ಸೈನಿಕರು ಬಿದ್ದು ಎದ್ದು ಕಲಿಯತೊಡಗಿದರು. ದೇಹದ ಭಾರವನ್ನು ಎರಡು ಉದ್ದನೆಯ ಪಟ್ಟಿಗಳ ಮೇಲೆ ಹಂಚಿ ಹಿಮದಲ್ಲಿ ಹೂತುಹೋಗದಂತೆ ಸಾಗುವುದು ಸ್ಕೀ ವಿದ್ಯೆಯ ತಿರುಳು. ಬೆಟ್ಟದ ಮೇಲಿನ ಒಂಟಿ ಗುಡಿಸಲೋ ಬಂಕರೋ ತಲುಪಿ, ಬಟ್ಟೆ ಒಣಗಿಸಿ, ಬೆಂಕಿ ಕಾಪಿಟ್ಟು, ಮರುದಿನ ಮತ್ತೆ ಹೊರಡುವಷ್ಟು ತ್ರಾಣ ಉಳಿಸಿಕೊಳ್ಳುವುದು ಅದಕ್ಕಿಂತ ಕಠಿಣವಾದ ಪಾಠ.

ಮರೆತ ಪಾಠ, ತೆತ್ತ ಬೆಲೆ

ತಿಮ್ಮಯ್ಯ 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ವೈಮನಸ್ಯ 1959ರಲ್ಲಿ ರಾಜೀನಾಮೆಯವರೆಗೆ ಹೋಯಿತು. ಪ್ರಧಾನಿ ನೆಹರೂ ಅವರ ಮಾತಿಗೆ ಓಗೊಟ್ಟು ರಾಜೀನಾಮೆಯನ್ನು ಹಿಂಪಡೆದರು. ಆ ಹಿಂತೆಗೆತ ಸರಿಯೇ ಎಂಬ ಚರ್ಚೆ ಅವರನ್ನು ಬಿಡಲಿಲ್ಲ. 1961ರಲ್ಲಿ ನಿವೃತ್ತರಾದರು.

ಮರುವರ್ಷ ಏಪ್ರಿಲ್‌ನಲ್ಲಿ ಗುಲ್ಮಾರ್ಗ್‌ನ ಶಾಲೆ ಎತ್ತರದ ಪ್ರದೇಶಗಳ ಸಮರ ಶಾಲೆಯೆಂಬ ಹೆಸರಿನೊಂದಿಗೆ ಮೇಲ್ದರ್ಜೆಗೇರಿತು. ಆರೇ ತಿಂಗಳಲ್ಲಿ ಚೀನಾ ಯುದ್ಧ ಬಂದಿತು. ಒಂದು ಶಾಲೆಯ ಪಾಠ ಇಡೀ ಸೇನೆಗೆ ತಲುಪಿರಲಿಲ್ಲ. ಈಶಾನ್ಯದ ಗಡಿಗೆ ತರಾತುರಿಯಲ್ಲಿ ಕಳುಹಿಸಿದ ಸೈನಿಕರು ಹತ್ತಿಬಟ್ಟೆಯಲ್ಲಿಯೇ ಹಿಮಾಲಯ ಏರಿದರು. ಲಡಾಖಿನ ರೆಜಾಂಗ್ ಲಾದಲ್ಲಿ, ತಿಮ್ಮಯ್ಯನವರದೇ ಆದ ಕುಮಾವೂನ್ ರೆಜಿಮೆಂಟಿನ 110ಕ್ಕೂ ಹೆಚ್ಚು ಯೋಧರು ನವೆಂಬರ್ 18ರಂದು ಕಾದಾಡುತ್ತಲೇ ಮಡಿದರು. ಮರುವರ್ಷ ದೊರೆತ ಅವರ ದೇಹಗಳು ಹೆಪ್ಪುಗಟ್ಟಿದ್ದವು. ಹಲವರ ಕೈಯಲ್ಲಿ ಆಯುಧ ಹಾಗೆಯೇ ಇತ್ತು.

1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ತೆರಳಿದ ತಿಮ್ಮಯ್ಯ, 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಹೃದಯಾಘಾತದಿಂದ ಕೊನೆಯುಸಿರೆಳೆದರು. ಅವರ ಅಂತ್ಯಸಂಸ್ಕಾರ ಬೆಂಗಳೂರಿನಲ್ಲಿ ನಡೆಯಿತು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ಗುಲ್ಮಾರ್ಗ್‌ನ ಶಾಲೆ ಮಾತ್ರ ನಿಲ್ಲಲಿಲ್ಲ. 1978ರಲ್ಲಿ ಸಿಯಾಚಿನ್ ಹಿಮನದಿಯತ್ತ ಮೊದಲ ಸೇನಾ ತಂಡವನ್ನು ಕರೆದೊಯ್ದ ಕರ್ನಲ್ ನರೇಂದ್ರ ಕುಮಾರ್ ಇದೇ ಶಾಲೆಯ ಮುಖ್ಯಸ್ಥರು. 1984ರಿಂದ ಆ ಹಿಮನದಿಯ ಕಾವಲು ಭಾರತದ್ದು. ಕರ್ನಾಟಕದ ಹಳ್ಳಿಗಳಿಂದ ಹೋದ ಮಕ್ಕಳೂ ಆ ಕಾವಲಿನಲ್ಲಿ ನಿಲ್ಲುತ್ತಾರೆ. ಹಿಮವನ್ನೇ ಕಾಣದೆ ಬೆಳೆದ ಅವರು ಅಲ್ಲಿಂದ ಕೈಕಾಲು ಉಳಿಸಿಕೊಂಡು ಊರಿಗೆ ಮರಳುವುದರ ಹಿಂದೆ, ಹಿಮವನ್ನೇ ಕಾಣದ ನಾಡಿನಿಂದ ಹೋದ ಇನ್ನೊಬ್ಬರು 1948ರಲ್ಲಿ ಕಲಿತ ಪಾಠವಿದೆ.