ಡಾ. ಹೋಮಿ ಜಹಾಂಗೀರ್ ಭಾಭಾ: ಪ್ರತಿದ್ರವ್ಯದ ಗಣಿತದಿಂದ ಕೋಲಾರದ ಗಣಿಯವರೆಗೆ

ಭಾರತದ ಪರಮಾಣು ಶಕ್ತಿ ಕಾರ್ಯಕ್ರಮದ ಜನಕರೆಂದು ಖ್ಯಾತರಾದ ಡಾ. ಹೋಮಿ ಜಹಾಂಗೀರ್ ಭಾಭಾ ಅವರು ಮೂಲತಃ ಸೈದ್ಧಾಂತಿಕ ಭೌತವಿಜ್ಞಾನಿ. ವಿಶ್ವದಲ್ಲಿ ದ್ರವ್ಯ ಮಾತ್ರ ಉಳಿದು ಪ್ರತಿದ್ರವ್ಯ ಏಕೆ ಕಾಣದಾಯಿತು ಎಂಬ ಪ್ರಶ್ನೆಯನ್ನು ಪ್ರಯೋಗಗಳ ಮೂಲಕ ಪರೀಕ್ಷಿಸುವ ಕಾರ್ಯದಲ್ಲಿ ಅವರ ಹೆಸರು ಇಂದಿಗೂ ಬಳಕೆಯಲ್ಲಿದೆ. ಆ ಕಾರ್ಯದ ಒಂದು ಮುಖ್ಯ ಅಧ್ಯಾಯವು ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಯಲ್ಲಿ ನಡೆಯಿತು.

ಬಾಲ್ಯ ಮತ್ತು ಶಿಕ್ಷಣ

ಭಾಭಾ ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದರು. ಅವರ ತಾತ ಹೊರ್ಮುಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಕಾರಣ, ಈ ಕುಟುಂಬಕ್ಕೆ ಕನ್ನಡ ನಾಡಿನೊಡನೆ ಹಳೆಯ ನಂಟಿತ್ತು. 1927ರಲ್ಲಿ ಅವರು ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು. ಮಗ ಎಂಜಿನಿಯರ್ ಆಗಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಬೇಕೆಂಬುದು ತಂದೆಯ ಅಪೇಕ್ಷೆ. ಮಗನ ಒಲವು ಭೌತವಿಜ್ಞಾನದ ಕಡೆಗೆ. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದರೆ ಗಣಿತಾಭ್ಯಾಸಕ್ಕೆ ನೆರವಾಗುವುದಾಗಿ ತಂದೆ ಒಪ್ಪಿದರು. 1930ರಲ್ಲಿ ಭಾಭಾ ಅವರು ಆ ದರ್ಜೆಯನ್ನು ಪಡೆದು ತಮ್ಮ ದಾರಿಯನ್ನು ತಾವೇ ತೆರೆದುಕೊಂಡರು.

ಪ್ರತಿದ್ರವ್ಯದ ಅಧ್ಯಯನ

ಅದು ಭೌತವಿಜ್ಞಾನದ ಸಂಭ್ರಮದ ಕಾಲ. ಕೇಂಬ್ರಿಜ್‌ನ ಪಾಲ್ ಡಿರಾಕ್ ಅವರು ಎಲೆಕ್ಟ್ರಾನಿಗೆ ವಿರುದ್ಧ ವಿದ್ಯುದಂಶವುಳ್ಳ ಪ್ರತಿಕಣವಿರಬೇಕೆಂದು ಗಣಿತದಿಂದ ಊಹಿಸಿದ್ದರು. 1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ಅವರು ವಿಶ್ವಕಿರಣಗಳಲ್ಲಿ ಆ ಕಣವನ್ನು, ಅಂದರೆ ಪಾಸಿಟ್ರಾನನ್ನು, ಕಂಡುಹಿಡಿದರು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಪರಸ್ಪರ ಎದುರಾದಾಗ ಅವು ಎಷ್ಟು ಬಾರಿ, ಯಾವ ಕೋನದಲ್ಲಿ ಚದರುತ್ತವೆ ಎಂಬುದನ್ನು ಭಾಭಾ ಅವರು ಲೆಕ್ಕಹಾಕಿದರು. 1936ರಲ್ಲಿ ಪ್ರಕಟವಾದ ಈ ಫಲಿತಾಂಶವು ಭಾಭಾ ಚದರಿಕೆ ಎಂದೇ ಪ್ರಸಿದ್ಧವಾಗಿದೆ. ಮರುವರ್ಷ ವಾಲ್ಟರ್ ಹೈಟ್ಲರ್ ಅವರೊಡನೆ ವಿಶ್ವಕಿರಣಗಳ ಧಾರಾಪಾತದ ಸಿದ್ಧಾಂತವನ್ನು ಮಂಡಿಸಿದರು.

ಬೆಂಗಳೂರಿನ ವರ್ಷಗಳು

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದ ಭಾಭಾ ಅವರು ಎರಡನೆಯ ಮಹಾಯುದ್ಧ ಆರಂಭವಾದುದರಿಂದ ಹಿಂತಿರುಗಲಾಗಲಿಲ್ಲ. ಸರ್ ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕವನ್ನು ಕಟ್ಟಿದರು. 1941ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರ ಜೂನ್‌ನಲ್ಲಿ ಕೆಲಸ ಆರಂಭಿಸಿದ್ದು ಬೆಂಗಳೂರಿನಲ್ಲಿಯೇ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಸ್ಥಳಾಂತರಗೊಂಡಿತು.

ಗಣಿಯ ಆಳದಲ್ಲಿ

ವಿಶ್ವಕಿರಣಗಳು ಬಂಡೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂಬುದನ್ನು ಅಳೆಯಲು ಕೋಲಾರದ ಆಳವಾದ ಗಣಿಗಳು ತಕ್ಕ ಸ್ಥಳವೆಂದು ಭಾಭಾ ಅವರು ಗುರುತಿಸಿದರು. ಅವರ ಸಲಹೆಯಂತೆ 1951ರಲ್ಲಿ, ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಅವರು ಉಪಕರಣಗಳೊಡನೆ ಗಣಿಗೆ ಇಳಿದರು. ಆಳ ಹೆಚ್ಚಿದಂತೆ ಮ್ಯೂಆನ್ ಕಣಗಳ ಸಂಖ್ಯೆ ಕುಗ್ಗುತ್ತ ಹೋಯಿತು. ಅತ್ಯಂತ ಆಳದ ನೆಲೆಯಲ್ಲಿ ವಾರಗಟ್ಟಲೆ ಕಾದರೂ ಒಂದೂ ಕಾಣಲಿಲ್ಲ. ಆ ನಿಶ್ಶಬ್ದವೇ ಅಪರೂಪದ ಘಟನೆಗಳನ್ನು ಹುಡುಕಲು ವರವಾಯಿತು. 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದರು. ಈ ಯಶಸ್ಸು ಭಾಭಾ ಅವರ ಜೀವಿತಕಾಲದಲ್ಲಿಯೇ ದೊರೆಯಿತು. ಮರುವರ್ಷ, 1966ರ ಜನವರಿ 24ರಂದು, ಮೌಂಟ್ ಬ್ಲಾಂಕ್ ಪರ್ವತದಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಅವರು ನಿಧನರಾದರು. ಆಗ ಅವರಿಗೆ 56 ವರ್ಷ.

ಅಸಮತೋಲನದ ಪ್ರಶ್ನೆ

ವಿಶ್ವದ ಆರಂಭದಲ್ಲಿ ದ್ರವ್ಯ ಹಾಗೂ ಪ್ರತಿದ್ರವ್ಯಗಳು ಸರಿಸಮವಾಗಿದ್ದಿದ್ದರೆ ಅವು ಒಂದನ್ನೊಂದು ನಾಶಗೊಳಿಸಿ ಬೆಳಕಷ್ಟೇ ಉಳಿಯಬೇಕಿತ್ತು. ಸುಮಾರು ನೂರು ಕೋಟಿ ಪ್ರತಿಕಣಗಳಿಗೆ ಒಂದರಂತೆ ಹೆಚ್ಚಾಗಿದ್ದ ಕಣಗಳೇ ಇಂದಿನ ನಕ್ಷತ್ರ, ಭೂಮಿ, ಜೀವಿಗಳಾಗಿವೆ. ಈ ಹೆಚ್ಚುವರಿ ಹುಟ್ಟಬೇಕಾದರೆ ಬೇರಿಯಾನ್ ಸಂಖ್ಯೆಯ ನಿಯಮ ಮುರಿಯಬೇಕು, ಕಣ ಮತ್ತು ಪ್ರತಿಕಣಗಳ ವರ್ತನೆಯಲ್ಲಿ ಭೇದವಿರಬೇಕು, ಉಷ್ಣ ಸಮತೋಲನ ತಪ್ಪಿರಬೇಕು ಎಂದು 1967ರಲ್ಲಿ ರಷ್ಯದ ಆಂಡ್ರೇ ಸಖರೋವ್ ತೋರಿಸಿದರು.

ಮೊದಲ ನಿಬಂಧನೆಯನ್ನು ಪರೀಕ್ಷಿಸುವ ನೇರವಾದ ದಾರಿ ಪ್ರೋಟಾನಿನ ಕ್ಷಯವನ್ನು ಹುಡುಕುವುದು. 1980ರಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಕೋಲಾರದಲ್ಲಿ ಕಬ್ಬಿಣದ ತಗಡುಗಳನ್ನೂ ಗಣಕ ನಳಿಕೆಗಳನ್ನೂ ಪದರಪದರವಾಗಿ ಜೋಡಿಸಿದ 140 ಟನ್ ತೂಕದ ಶೋಧಕವನ್ನು ಚಾಲನೆಗೆ ತಂದರು. ಕೆಲವು ಘಟನೆಗಳು ಕ್ಷಯದಂತೆ ಕಂಡವು. ಜಗತ್ತಿನ ಗಮನ ಕೋಲಾರದತ್ತ ತಿರುಗಿತು. ಆದರೆ ಅಮೆರಿಕ ಹಾಗೂ ಜಪಾನಿನಲ್ಲಿದ್ದ, ಇನ್ನೂ ದೊಡ್ಡ ಜಲ ಶೋಧಕಗಳು ಅದನ್ನು ದೃಢಪಡಿಸಲಿಲ್ಲ. ಅಂದಿನ ಅತ್ಯಂತ ಸರಳವಾದ ಏಕೀಕೃತ ಸಿದ್ಧಾಂತವು ಈ ಪರೀಕ್ಷೆಗಳಲ್ಲಿ ಬಿದ್ದುಹೋಯಿತು. ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವ ಬಗೆಯಲ್ಲಿ ಪ್ರೋಟಾನಿನ ಆಯಸ್ಸು 1ರ ಮುಂದೆ 34 ಸೊನ್ನೆಗಳಿಟ್ಟಷ್ಟು ವರ್ಷಗಳಿಗಿಂತ ಹೆಚ್ಚೆಂದು ಜಪಾನಿನ ಸೂಪರ್ ಕಾಮಿಯೋಕಾಂಡೆ ತಿಳಿಸಿದೆ. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ಮುಗಿದವು. 2001ರಲ್ಲಿ ಗಣಿಗಳೂ ಮುಚ್ಚಿದವು.

ಎರಡನೆಯ ನಿಬಂಧನೆಯ ಪರೀಕ್ಷೆಯಲ್ಲಿ ಭಾಭಾ ಅವರ ಗಣಿತ ನೇರವಾಗಿ ನೆರವಾಯಿತು. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನು ಡಿಕ್ಕಿ ಹೊಡೆಸಿದ ಜಪಾನಿನ ಬೆಲ್ ಹಾಗೂ ಅಮೆರಿಕದ ಬಾಬಾರ್ ಪ್ರಯೋಗಗಳು 2001ರಲ್ಲಿ ಬಿ ಮೆಸಾನ್ ಕಣ ಮತ್ತು ಪ್ರತಿಕಣಗಳ ವರ್ತನೆಯಲ್ಲಿ ಭೇದವನ್ನು ದೃಢಪಡಿಸಿದವು. ಇಂತಹ ಯಂತ್ರಗಳಲ್ಲಿ ನಡೆದ ಡಿಕ್ಕಿಗಳ ಪ್ರಮಾಣವನ್ನು ಅಳೆಯುವ ಮಾನದಂಡವೇ ಭಾಭಾ ಚದರಿಕೆ. 2025ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯವು ಬೇರಿಯಾನ್‌ಗಳಲ್ಲಿಯೂ ಅಂತಹ ಭೇದವನ್ನು ಗುರುತಿಸಿತು. ಆದರೂ ಈವರೆಗೆ ಕಂಡ ಭೇದವು ವಿಶ್ವದ ಅಸಮತೋಲನವನ್ನು ವಿವರಿಸಲು ಸಾಲದು; ಶೋಧನೆ ಮುಂದುವರಿದಿದೆ.

ತಮ್ಮ ಜೀವಿತಕಾಲದಲ್ಲಿ ಇನ್ನೂ ರೂಪುಗೊಳ್ಳದಿದ್ದ ಪ್ರಶ್ನೆಯೊಂದಕ್ಕೆ ಅಳತೆಗೋಲನ್ನೂ, ಸ್ಥಳವನ್ನೂ, ಸಂಸ್ಥೆಯನ್ನೂ ಒದಗಿಸಿಕೊಟ್ಟ ಡಾ. ಭಾಭಾ ಅವರು ವಿಜ್ಞಾನಾಸಕ್ತ ಯುವಜನರಿಗೆ ಸದಾ ಮಾದರಿಯಾಗಿದ್ದಾರೆ.