*ಇಂದಿನ ಧಮ್ಮ ಚಿಂತನೆ: ಬಾಲೂ ಅವರ ಎಡಗೈ*



ನಮ್ಮ ಅಜ್ಜಂಪುರ ಸ್ಟೇಷನ್ ದಾಟಿ ಹುಬ್ಬಳ್ಳಿ ಕಡೆ ಹೋಗುವ ಹಳಿ ಮುಂದೆ ಧಾರವಾಡಕ್ಕೂ ಹೋಗುತ್ತದೆ. ಆ ಧಾರವಾಡದಲ್ಲಿ 1876ರಲ್ಲಿ ಚಮ್ಮಾರ ಕುಟುಂಬವೊಂದರಲ್ಲಿ ಹುಟ್ಟಿದವರು ಪಾಲ್ವಂಕರ್ ಬಾಲೂ.

ಪುಣೆಯಲ್ಲಿ ಹುಡುಗ ಬಾಲೂ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನ ಪಿಚ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ತಿಂಗಳಿಗೆ 3 ರೂಪಾಯಿ. ಆಮೇಲೆ ಇಂಗ್ಲಿಷರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಸಾಹೇಬರ ಅಭ್ಯಾಸಕ್ಕೆ ಗಂಟೆಗಟ್ಟಲೆ ಬೌಲಿಂಗ್ ಮಾಡಬೇಕು, ಬ್ಯಾಟ್ ಮಾತ್ರ ಕೈಗೆ ಸಿಗದು. ಹಾಗೆ ಎಸೆದೂ ಎಸೆದೂ ಅವರ ಎಡಗೈ ಪಳಗಿತು.

ಪುಣೆಯ ಹಿಂದೂ ತಂಡಕ್ಕೆ ಆ ಕೈ ಬೇಕಾಯಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಮೇಲ್ಜಾತಿಯ ಆಟಗಾರರೂ ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಬಾಲೂ ಹೊರಗೆ, ಮಣ್ಣಿನ ಲೋಟದಲ್ಲಿ. ಊಟವೂ ಬೇರೆ.

1911ರಲ್ಲಿ ಇಂಗ್ಲೆಂಡ್ ಪ್ರವಾಸ. ಅದೇ ಎಡಗೈ ಅಲ್ಲಿ 114 ವಿಕೆಟ್ ತೆಗೆಯಿತು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ್, ವಿಠ್ಠಲ್ ಆಡದೆ ಹೊರಗುಳಿದು ಪ್ರತಿಭಟಿಸಿದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಪ್ರತಿಭೆ ಬಾಗಿಲವರೆಗೆ ತಂದಿತು, ಬಾಗಿಲು ತೆಗೆಸಿದ್ದು ಹೋರಾಟ.

ರಾಜಕೀಯದಲ್ಲಿ ಬಾಲೂ ಬೇರೆ ದಾರಿ ಹಿಡಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತರು. 1955ರಲ್ಲಿ, ನಾಗಪುರದ ದೀಕ್ಷೆಗೆ ಒಂದು ವರ್ಷ ಮೊದಲು, ತೀರಿಕೊಂಡರು. ದಾರಿ ಬೇರೆಯಾದರೂ ಆ ಕೈಯ ಪಾಠ ನಮ್ಮೆಲ್ಲರದು.

*ಚಿಂತನೆ:* ನಮ್ಮ ಮೈಯನ್ನು ಮೈಲಿಗೆ ಎಂದರು. ಆ ಮಾತು ಇಂದಿಗೂ ಕಪ್ಪು, ಕುಳ್ಳ, ಒರಟು ಕೈ ಎಂಬ ವೇಷದಲ್ಲಿ ಬರುತ್ತದೆ. ನಮ್ಮ ಮಕ್ಕಳು ಕನ್ನಡಿ ಮುಂದೆ ನಿಂತು ಅದನ್ನೇ ನಂಬಿ ಕುಗ್ಗುತ್ತಾರೆ. ಬುದ್ಧರು ಕಲಿಸಿದ ಕಾಯಾನುಪಸ್ಸನದಲ್ಲಿ ದೇಹವನ್ನು ಇದ್ದ ಹಾಗೆ ನೋಡುತ್ತೇವೆ: ಮಣ್ಣು, ನೀರು, ಬೆಂಕಿ, ಗಾಳಿ. ಅದರಲ್ಲಿ ಜಾತಿ ಎಲ್ಲಿದೆ? ಅಂತರಘಟ್ಟೆಯ ಹೊಲದಲ್ಲಿ ಈರುಳ್ಳಿ ಕಿತ್ತ ಕೈ, ಮಗುವನ್ನು ಎತ್ತಿದ ತೋಳು, ಬಸ್ಸಿಗೆ ನಡೆದ ಕಾಲು, ಇವುಗಳ ಬೆಲೆ ಕನ್ನಡಿಗೆ ಗೊತ್ತಿಲ್ಲ.

ಬಲವೂ ಅನಿಚ್ಚವೇ, ಬಾಲೂ ಅವರ ಕೈಯೂ ಮುಪ್ಪಾಯಿತು. ಆದ್ದರಿಂದ ದುಡಿಯಲಾಗದ, ಕಾಯಿಲೆಯ ದೇಹ ಕೀಳಲ್ಲ. ಅದು ಎಳೆಯುವ ಒಂದೊಂದು ಉಸಿರಿಗೂ ಮೆತ್ತಾ ಸಲ್ಲಬೇಕು.

*ಇಂದಿನ ಅಭ್ಯಾಸ:* ಮಲಗುವ ಮುನ್ನ 5 ನಿಮಿಷ ನಿಮ್ಮ ಎರಡೂ ಕೈ ನೋಡಿಕೊಳ್ಳಿ. ಇವತ್ತು ಅವು ಏನೇನು ಮಾಡಿದವು ಎಂದು ಒಂದೊಂದಾಗಿ ನೆನೆಯಿರಿ. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.

ಸಾಧು, ಸಾಧು, ಸಾಧು 🪷